ರಫೂ ಕೋಣೆಯ ಪಾಲು

ಉಗಿ ಇಸ್ತ್ರಿಯ ಯಂತ್ರ ನನಗೆ, ಒಗೆಯುವ ಯಂತ್ರಗಳೆರಡೂ ನನಗೆ, ಬಟ್ಟೆ ತೂಗುಹಾಕುವ ಕಬ್ಬಿಣದ ಸರಳು, ಮುನ್ನೂರು ಹ್ಯಾಂಗರು, ಗಲ್ಲಾಪೆಟ್ಟಿಗೆ, ಬೋರ್ಡು ಎಲ್ಲ ನನಗೆ. ಇಷ್ಟಕ್ಕೆ ನನ್ನ ಹೆಂಡತಿ ತಕರಾರು ಮಾಡಲೇ ಇಲ್ಲ. ಅವಳು ಕೇಳಿದ್ದು ಹಿಂದಿನ ಕೋಣೆ ಒಂದನ್ನು. ಹತ್ತಡಿ ಉದ್ದ, ಎಂಟಡಿ ಅಗಲ, ಒಂದು ದೊಡ್ಡ ಕಿಟಕಿ, ಓಣಿಗೆ ತೆರೆಯುವ ಒಂದು ಬಾಗಿಲು. ಹತ್ತೊಂಬತ್ತು ವರ್ಷ ಅವಳು ಕೂತು ರಫೂ ಮಾಡಿದ ಜಾಗ. ಅದು ಅವಳಿಗೆ ಸಿಗದ ಹಾಗೆ ನಾನು ಹೇಗೆ ಮಾಡಿದೆ ಎನ್ನುವುದನ್ನು ಹೇಳುತ್ತೇನೆ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಒಂದು ಸಲ ಹೇಳಿಕೊಂಡು ನೋಡಿದ್ದೇನೆ, ಏನೂ ಆಗಲಿಲ್ಲ.

ಅಂಗಡಿ ಅಪ್ಪ ಇಟ್ಟದ್ದು. ಡ್ರೈಕ್ಲೀನಿಂಗ್, ಒಗೆತ, ಇಸ್ತ್ರಿ. ಅಪ್ಪ ಹೋದಮೇಲೆ ಕೌಂಟರಿಗೆ ನಾನು ನಿಂತೆ. ನನಗೆ ಬರುವ ಕೆಲಸ ಒಂದೇ, ಮಾತು. ಬಂದವರ ಮಗುವಿನ ಪರೀಕ್ಷೆ, ಅತ್ತೆಯ ಮಂಡಿನೋವು ಎಲ್ಲ ನೆನಪಿಟ್ಟುಕೊಂಡು ವಿಚಾರಿಸುತ್ತೇನೆ. ಆದರೆ ಮಾತಿನಿಂದ ಕಲೆ ಹೋಗುವುದಿಲ್ಲವಲ್ಲ. ನಮ್ಮ ಬೀದಿಯಲ್ಲೇ ಇನ್ನೂ ಎರಡು ಅಂಗಡಿ ಎದ್ದವು, ನಮ್ಮದು ಕುಂಟುತ್ತಿತ್ತು. ಆ ಹೊತ್ತಿಗೆ ಮದುವೆಯಾಯಿತು. ಬಂದ ಮೂರನೇ ತಿಂಗಳು ಅವಳು ಸರಳಿನ ಮೇಲೆ ತೂಗುತ್ತಿದ್ದ ಒಂದು ಕೋಟನ್ನು ಮುಟ್ಟಿ ನೋಡಿ, "ಇದಕ್ಕೆ ಹುಳ ಬಿದ್ದಿದೆ. ಹೀಗೇ ವಾಪಸ್ ಕೊಡ್ತೀರಾ?" ಎಂದು ಕೇಳಿದಳು. "ಇನ್ನೇನು ಮಾಡೋದು, ಹುಳಾನೂ ಜೊತೆಗೆ ಕೊಡ್ಲಾ?" ಅಂದೆ. ಅವಳು ಕೋಟು ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಳು. ಆ ಕೋಣೆಯಲ್ಲಿ ಆಗ ಸೋಪಿನ ಡಬ್ಬ, ಮುರಿದ ಕುರ್ಚಿ ಇಡುತ್ತಿದ್ದೆವು. ಎರಡು ದಿನ ಬಿಟ್ಟು ಹೊರಗೆ ಬಂದಾಗ ತೂತು ಇರಲಿಲ್ಲ. ಅವಳ ಸೋದರತ್ತೆ ಕಲಿಸಿದ ಕೆಲಸವಂತೆ.

ರಫೂ ಎಂದರೆ ತೇಪೆಯಲ್ಲ. ತೇಪೆ ಹಾಕಿದರೆ ತೂತು ಮುಚ್ಚುತ್ತದೆ, ತೇಪೆ ಎದ್ದು ಕಾಣುತ್ತದೆ. ರಫೂ ಮಾಡುವವರು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಹಾಸೂ ಹೊಕ್ಕೂ ಒಂದೊಂದೇ ಎಳೆ ಹೆಣೆದು, ಹೊಸದಾಗಿ ಬಟ್ಟೆಯನ್ನೇ ನೇಯುತ್ತಾರೆ. ಒಂದು ಬೆರಳಗಲದ ತೂತಿಗೆ ಒಂದು ಇಡೀ ಹಗಲು. ಕೆಲಸ ಚೆನ್ನಾಗಿ ಆಯಿತು ಎನ್ನುವುದಕ್ಕೆ ಗುರುತೆಂದರೆ ಯಾವ ಗುರುತೂ ಉಳಿಯಬಾರದು. ವರ್ಷ ಕಳೆಯುವುದರೊಳಗೆ ಜನ ಬಟ್ಟೆ ಒಗೆಸಲು ಬೇರೆ ಅಂಗಡಿಗೆ ಹೋದರೂ ಹರಿದದ್ದನ್ನು ನಮ್ಮಲ್ಲಿಗೇ ತರತೊಡಗಿದರು. ಆಮೇಲೆ ಹೇಗೂ ಬಂದಿದ್ದೇವಲ್ಲ ಎಂದು ಒಗೆಯುವುದನ್ನೂ ನಮಗೇ ಕೊಟ್ಟರು. ಅಂಗಡಿ ಎದ್ದು ನಿಂತದ್ದು ಹಾಗೆ. ಬೋರ್ಡಿನ ಮೇಲೆ ಮಾತ್ರ ಅಪ್ಪನ ಹೆಸರು, ಅದರ ಕೆಳಗೆ ಚಿಕ್ಕದಾಗಿ ನನ್ನದು.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು, ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ. ನಮ್ಮ ಅಂಗಡಿಯ ರಸೀದಿಯಲ್ಲಿ ರಫೂ ಎಂದು ಬರೆಯುತ್ತಿರಲಿಲ್ಲ. ಮೊದಲ ವರ್ಷ ಬರೆದಿದ್ದೆ. ಒಬ್ಬ ಹೆಂಗಸಿನ ರಸೀದಿಯಲ್ಲಿ "ರಫೂ, ಎಡತೋಳು, ಹರಿದದ್ದು" ಎಂದು ನೀಟಾಗಿ ಬರೆದುಕೊಟ್ಟೆ. ಅದು ಅವಳ ಗಂಡನ ಕೈಗೆ ಸಿಕ್ಕಿ, ಎಲ್ಲಿ ಹರಿಯಿತು, ಯಾರು ಹರಿದರು ಎಂದು ರಂಪವಾಯಿತು. ಬಸ್ಸಿನ ಬಾಗಿಲಿಗೆ ಸಿಕ್ಕಿ ಹರಿದದ್ದು ಪಾಪ. ಆ ಹೆಂಗಸು ಬಂದು ನನ್ನ ಹೆಂಡತಿಯ ಮುಂದೆ ಕೂತು ಅತ್ತಳು. ಅವತ್ತಿನಿಂದ ನನ್ನ ಹೆಂಡತಿ ಕಟ್ಟಪ್ಪಣೆ ಮಾಡಿದಳು: "ಬಟ್ಟೆ ಹರಿದಿದ್ದು ಕೊಟ್ಟೋರಿಗೆ ಗೊತ್ತು, ನಮಗೆ ಗೊತ್ತು. ಕಾಗದಕ್ಕೆ ಯಾಕೆ ಗೊತ್ತಾಗ್ಬೇಕು? ಒಗೆತ ಅಂತ ಬರೀರಿ ಸಾಕು." ಆಮೇಲೆ ಬಂದ ಬಟ್ಟೆಯ ಗುಂಡಿಕಣ್ಣಿಗೆ ಒಂದು ಬಿಳಿ ದಾರ ಕಟ್ಟಿ ಒಳಗೆ ಕಳಿಸುತ್ತಿದ್ದೆ, ಅವಳಿಗೆ ತಿಳಿಯುತ್ತಿತ್ತು. ರಸೀದಿಯಲ್ಲಿ ಒಗೆತ. ಮೊದಲ ವರ್ಷದ ಪುಸ್ತಕ ಎಂದೋ ರದ್ದಿಗೆ ಹೋಯಿತು, ಉಳಿದ ಹದಿನೆಂಟು ವರ್ಷದ ರಸೀದಿಗಳಲ್ಲಿ ಅವಳ ಒಂದೇ ಒಂದು ಹೊಲಿಗೆಯೂ ಇಲ್ಲ.

ಕೆಲಸ ಮುಗಿದ ಬಟ್ಟೆಯನ್ನು ತಂದು ಕೌಂಟರಿನ ಮೇಲೆ ಹರಡಿ, "ಹುಡುಕಿ ನೋಡೋಣ" ಅನ್ನುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು, ತೆಗೆದು, ಬೆಳಕಿಗೆ ಹಿಡಿದು, ಕೊನೆಗೆ ಮೂಸಿಯೂ ನೋಡಿ, "ಎಲ್ಲೇ ಮಾಡಿದ್ದೀಯ? ನಾಲ್ಕು ದಿನ ಒಳಗೆ ನಿದ್ದೆ ಹೊಡೆದು ಈಗ ಬಂದು ಕಥೆ ಹೇಳ್ತಿದ್ದೀಯ" ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು. "ನಿಮ್ಮ ಕಣ್ಣಿಗೆ ಆನೆ ಅಡ್ಡ ಬಂದ್ರೂ ಕಾಣಲ್ಲ ಬಿಡಿ" ಎಂದು ಬಟ್ಟೆ ಮಡಿಸುತ್ತಿದ್ದಳು. ಆ ನಗು ನೋಡಲಿಕ್ಕೆಂದೇ ನಾನು ಹಾಗೆ ಹೇಳುತ್ತಿದ್ದೆ.

ನಿಜ ಏನೆಂದರೆ, ನನಗೆ ಕಾಣುತ್ತಿತ್ತು. ಮೊದಮೊದಲು ಅವಳು ಊಟಕ್ಕೆ ಹೋದಾಗ ಭೂತಗನ್ನಡಿ ಹಿಡಿದು ಹುಡುಕುತ್ತಿದ್ದೆ. ಮೂರು ನಾಲ್ಕು ವರ್ಷ ಹೋದಮೇಲೆ ಬರಿಗಣ್ಣಿಗೇ ಸಿಗತೊಡಗಿತು. ತಪ್ಪಿತ್ತು ಅಂತಲ್ಲ. ಅವಳು ನೇಯ್ದ ಜಾಗ ಗಿರಣಿ ನೇಯ್ದದ್ದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಸಮವಾಗಿರುತ್ತಿತ್ತು. ಬೇರೆ ಯಾರಿಗೂ ಕಾಣದು. ದಿನಾ ನೋಡಿದವನಿಗೆ, ಹುಡುಕಬೇಕೆಂದು ನೋಡಿದವನಿಗೆ ಕಾಣುತ್ತದೆ. ಅವಳಿಗೆ ನಾನಿದನ್ನು ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ಅವಳು ನಗುವುದನ್ನು ನಿಲ್ಲಿಸಿ ಬಟ್ಟೆಯನ್ನು ವಾಪಸು ಒಳಗೆ ತೆಗೆದುಕೊಂಡು ಹೋಗಿ ಎಲ್ಲವನ್ನೂ ಬಿಚ್ಚುತ್ತಿದ್ದಳು.

ನಾವು ಬೇರೆಯಾದದ್ದಕ್ಕೆ ದೊಡ್ಡ ಕಥೆಯೇನಿಲ್ಲ. ನಮಗೆ ಮಕ್ಕಳಿಲ್ಲ, ಅದು ಕಾರಣವಲ್ಲ. ಕುಡಿತ, ಹೊಡೆತ ಯಾವುದೂ ಇಲ್ಲ. ನಾನು ಮುಖ ಊದಿಸಿಕೊಳ್ಳುವ ಗಂಡಸು, ಅಷ್ಟೆ. ಸಿಟ್ಟು ಬಂದರೆ ಮಾತು ಬಿಡುತ್ತೇನೆ. ಗಿರಾಕಿಗಳ ಜೊತೆ ಹರಟೆ ಕೊಚ್ಚುತ್ತ, ಅವಳ ಪಾಲಿಗೆ ಮಾತ್ರ ಕಲ್ಲಾಗಿ ಕೂರುತ್ತೇನೆ. ಒಂದು ದಿನ ಒಬ್ಬ ಹಳೇ ಗಿರಾಕಿ ಶಾಲು ತೆಗೆದುಕೊಂಡು ಹೋಗಲು ಬಂದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮದು ಚಿನ್ನದಂಥ ಕೈ ಕಣ್ರೀ" ಅಂದರು. ನಾನು ಕೈ ಜೋಡಿಸಿ ಹಲ್ಲು ಕಿರಿದೆ. ಹಿಂದಿನಿಂದ ನನ್ನ ಹೆಂಡತಿ ಪರದೆ ಸರಿಸಿ, ಸಿಟ್ಟಿಲ್ಲದೆ, ಲೆಕ್ಕ ಸರಿಪಡಿಸುವವಳ ಹಾಗೆ, "ಅದು ನನ್ನ ಕೈ ಸರ್" ಅಂದಳು. ಗಿರಾಕಿ ನಕ್ಕರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಹದಿನೇಳು ದಿನ ಅವಳ ಜೊತೆ ಮಾತಾಡಲಿಲ್ಲ. ಹದಿನೆಂಟನೇ ದಿನ ಬೆಳಿಗ್ಗೆ ಅವಳು ತನ್ನ ಬಟ್ಟೆ ಒಂದು ಚೀಲಕ್ಕೆ ತುಂಬಿಕೊಂಡು, "ಈ ಸಲ ನಾನೇ ಮೊದ್ಲು ಮಾತಾಡ್ತೀನಿ ಅಂದ್ಕೊಂಡಿದ್ರೆ, ಹೂಂ, ಮಾತಾಡ್ತಿದ್ದೀನಿ. ನಾನು ಹೊರಟೆ" ಅಂದಳು. ಎರಡು ಬೀದಿ ಆಚೆ ಒಂದು ಬಾಡಿಗೆ ಕೋಣೆ ಹಿಡಿದಳು.

ಆದರೆ ಕೆಲಸ ಬಿಡಲಿಲ್ಲ. ಒಪ್ಪಿಕೊಂಡ ಬಟ್ಟೆಗಳಿದ್ದವು, ಇಂಥ ದಿನ ಕೊಡುತ್ತೇನೆ ಎಂದು ಕೊಟ್ಟ ಮಾತಿತ್ತು. ಎಂಟು ತಿಂಗಳು ಅವಳು ಓಣಿಯ ಬಾಗಿಲಿನಿಂದ ಬಂದು, ಕೂತು, ಓಣಿಯ ಬಾಗಿಲಿನಿಂದಲೇ ಹೋದಳು. ಮುಂದೆ ನಾನು, ಹಿಂದೆ ಅವಳು, ನಡುವೆ ಒಂದು ಪರದೆ ಮತ್ತು ಉಗಿಯಣ್ಣ. ಉಗಿಯಣ್ಣ ಎಂದರೆ ನಮ್ಮ ಇಸ್ತ್ರಿಯವರು, ಅಪ್ಪನ ಕಾಲದಿಂದ ಇದ್ದವರು, ಸದಾ ಉಗಿಯ ನಡುವೆ ನಿಂತಿರುವುದಕ್ಕೆ ಆ ಹೆಸರು. ನಮ್ಮಿಬ್ಬರ ಅಂಚೆ ಅವರೇ. "ಯಜಮಾನ್ರೆ, ಅಮ್ಮ ಕರಿ ಪ್ಯಾಂಟು ಗುರುವಾರ ಅಂದ್ರು." "ಬುಧವಾರಕ್ಕೆ ಆಗಲ್ವಾ ಕೇಳು." ಮೂರು ಹೆಜ್ಜೆ ಹೋಗಿ, ಮೂರು ಹೆಜ್ಜೆ ಬಂದು, "ಗುರುವಾರ ಅಂದ್ರೆ ಗುರುವಾರ ಅಂತೆ. ಯಜಮಾನ್ರೆ, ನನಗೂ ವಯಸ್ಸಾಯ್ತು, ಈ ಪರದೆ ತೆಗೆದುಬಿಡ್ಲಾ?" ಅನ್ನುತ್ತಿದ್ದರು. ಪರದೆ ಹಾಗೇ ಇತ್ತು.

ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದೆವು. ಅಂಗಡಿಯ ಮಾತು ಬಂದಾಗ ಅವಳು ಹಿಂದಿನ ಕೋಣೆ ಕೇಳಿದಳು. ರಫೂ ಕೆಲಸ ತನ್ನದು, ಆ ಕೋಣೆಯಲ್ಲೇ ಬೇರೆಯಾಗಿ ನಡೆಸಿಕೊಂಡು ಹೋಗುತ್ತೇನೆ, ಮಧ್ಯೆ ಒಂದು ಗೋಡೆ ಎಬ್ಬಿಸೋಣ ಎಂದಳು. ನ್ಯಾಯವಾದ ಮಾತು. ನನಗೂ ಹಾಗೇ ಅನಿಸಿತು, ಒಂದು ದಿನ. ಎರಡನೇ ದಿನ ಅಕ್ಕ ಫೋನು ಮಾಡಿದಳು.

"ಅಪ್ಪನ ಅಂಗಡಿಗೆ ಗೋಡೆ ಹಾಕ್ತೀಯೇನೋ?"

"ಒಂದು ಕೋಣೆ ಕಣೇ ಅಕ್ಕ."

"ಕೋಣೆ ಅಲ್ಲ ದಡ್ಡ. ಹಿಂದಿನ ಬಾಗ್ಲು ಅವಳಿಗೆ ಕೊಟ್ರೆ ಮುಂದಿನ ಬಾಗ್ಲಿಗೆ ಯಾರು ಬರ್ತಾರೆ?"

ಅಕ್ಕನನ್ನು ದೂರಿ ಪ್ರಯೋಜನವಿಲ್ಲ. ನನ್ನ ಹೊಟ್ಟೆಯಲ್ಲಿದ್ದ ಭಯವನ್ನೇ ಅವಳು ಬಾಯಿಬಿಟ್ಟು ಹೇಳಿದ್ದು. ಓಣಿಯಲ್ಲಿ ಜನ ಸಾಲು ನಿಂತು, ಮುಂದೆ ನಾನು ಖಾಲಿ ಕೌಂಟರಿಗೆ ಮೊಣಕೈ ಊರಿಕೊಂಡು ನಿಂತ ಚಿತ್ರ ಕಣ್ಣಿಗೆ ಕಟ್ಟಿತು. ಇಷ್ಟು ವರ್ಷ ಅಂಗಡಿ ನಡೆದದ್ದು ಯಾರಿಂದ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕಿಂತ ಸುಳ್ಳೇ ವಾಸಿ ಅನಿಸಿತು. ನಾನು ಗೊತ್ತುಮಾಡಿಕೊಂಡಿದ್ದ ವಕೀಲರು ಒಂದು ಹೇಳಿಕೆ ಬರೆದುಕೊಡಿ ಎಂದಾಗ ನನ್ನ ಕೈಯಾರೆ ಬರೆದೆ: ರಫೂ ಎನ್ನುವುದು ಅಂಗಡಿಯ ಮುಖ್ಯ ಕೆಲಸವಲ್ಲ, ತಿಂಗಳಿಗೆ ಎರಡೋ ಮೂರೋ ಬರುತ್ತಿತ್ತು, ಕೆಲವನ್ನು ಹೊರಗೆ ಕೊಟ್ಟು ಮಾಡಿಸುತ್ತಿದ್ದೆವು, ಬಿಡುವಿದ್ದಾಗ ನನ್ನ ಹೆಂಡತಿಯೂ ಸಹಾಯ ಮಾಡುತ್ತಿದ್ದಳು. ಬಿಡುವಿದ್ದಾಗ! ಆ ಪದಕ್ಕೂ ಅಕ್ಷರ ಮುತ್ತಿನ ಹಾಗೆ ಬಂತು.

ಪಾಲು ಮಾಡಿಸಲು ಕೋರ್ಟಿನವರು ಮಧ್ಯಸ್ಥರೊಬ್ಬರನ್ನು ಗೊತ್ತುಮಾಡಿದ್ದರು. ಅರವತ್ತರ ಆಸುಪಾಸಿನ ಮನುಷ್ಯ, ಮೆತ್ತಗಿನ ದನಿ, ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕು. ಅವರ ಕಚೇರಿ ಮೊದಲ ಮಹಡಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕು. ನನ್ನ ಜೊತೆ ವಕೀಲರು ಬಂದಿದ್ದರು. ಅವಳು ಒಬ್ಬಳೇ ಬಂದಳು. "ಇರೋದನ್ನ ಇದ್ದ ಹಾಗೆ ಹೇಳೋಕೆ ವಕೀಲರು ಯಾಕೆ?" ಎಂದಿದ್ದಳಂತೆ ಉಗಿಯಣ್ಣನ ಹತ್ತಿರ. ಮೊದಲ ಸಲ ಸೇರಿದಾಗ ಯಂತ್ರಗಳ ಪಟ್ಟಿಯಾಯಿತು. ಎರಡನೇ ಸಲಕ್ಕೆ ಮಧ್ಯಸ್ಥರು ರಸೀದಿ ಪುಸ್ತಕಗಳನ್ನು ತರಿಸಿಕೊಂಡರು. ಮೂರು ರಟ್ಟಿನ ಪೆಟ್ಟಿಗೆ. ಒಂದೊಂದೇ ತೆಗೆದು ತಿರುವಿದರು.

"ಎಲ್ಲಾ ಕಡೆ ಒಗೆತ ಅಂತಾನೇ ಇದೆಯಲ್ಲಮ್ಮ?"

"ಹೌದು ಸರ್. ರಫೂ ಅಂತ ಬರೀಬೇಡಿ ಅಂತ ನಾನೇ ಹೇಳಿದ್ದೆ."

"ಯಾಕೆ?"

"ಬಟ್ಟೆ ಕೊಟ್ಟೋರಿಗೆ ಮುಜುಗರ ಆಗ್ಬಾರ್ದು ಅಂತ."

ಮಧ್ಯಸ್ಥರು ನನ್ನ ವಕೀಲರನ್ನು ನೋಡಿದರು. ವಕೀಲರು ಮುಗುಳ್ನಕ್ಕರು, ನಾನು ಚಾವಣಿ ನೋಡಿದೆ. ಮಧ್ಯಸ್ಥರು ಕೇಳಿದರು, ಗಿರಾಕಿಗಳು ಯಾರಾದರೂ ಬಂದು ಹೇಳಬಹುದಲ್ಲ? ಅವಳು ಇಲ್ಲವೆಂದು ತಲೆಯಾಡಿಸಿದಳು. ಬಂದು ಹೇಳುವುದೆಂದರೆ ಏನು ಹರಿದಿತ್ತು, ಹೇಗೆ ಹರಿದಿತ್ತು ಎಂದೂ ಹೇಳಬೇಕಾಗುತ್ತದೆ, ಅದಕ್ಕೆ ಅವರನ್ನು ಕರೆಯುವುದಿಲ್ಲ ಎಂದಳು. ಹೋಗಲಿ, ಅಂಗಡಿಯ ಇಸ್ತ್ರಿಯವರು? "ಬೇಡ ಸರ್. ಇವರ ವಿರುದ್ಧ ಮಾತಾಡಿಸಿದ್ರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ." ಇವರು ಎಂದರೆ ನಾನು. ಹಿಂದಿನ ವಾರವಷ್ಟೇ ನಾನು ಉಗಿಯಣ್ಣನಿಗೆ, ಗೊತ್ತಿರೋದನ್ನೆಲ್ಲ ಎಲ್ಲರ ಹತ್ರ ಹೇಳ್ಬೇಕಾಗಿಲ್ಲ ಎಂದು ಹೇಳಿದ್ದೆ. ಅವರು ಯಂತ್ರದ ಉಗಿ ಬಿಟ್ಟಿದ್ದರು, ಇಬ್ಬರ ಮುಖವೂ ಇಬ್ಬರಿಗೂ ಕಾಣದಷ್ಟು.

ಆಗ ಅವಳು ಚೀಲದಿಂದ ತನ್ನದೇ ಒಂದು ಶಾಲು ತೆಗೆದು ಮೇಜಿನ ಮೇಲೆ ಹರಡಿದಳು. "ಇದು ಮೊಳೆಗೆ ಸಿಕ್ಕಿ ಅಂಗೈ ಅಗಲ ಹರಿದಿತ್ತು ಸರ್. ನೋಡಿ." ಮಧ್ಯಸ್ಥರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಕಿಟಕಿಯ ಹತ್ತಿರ ಹೋಗಿ ನೋಡಿದರು. "ಎಲ್ಲಿ?" ಅವಳು ಬೆರಳಿಟ್ಟು ತೋರಿಸಿದಳು. ಬೆರಳು ತೆಗೆದಮೇಲೆ ಅವರಿಗೆ ಮತ್ತೆ ತಪ್ಪಿಹೋಯಿತು. ನನ್ನ ವಕೀಲರು ಗಂಟಲು ಸರಿಮಾಡಿಕೊಂಡು, "ಹರಿದೇ ಇರ್ಲಿಲ್ಲ ಅಂದ್ರೂ ಹೀಗೇ ಕಾಣುತ್ತಲ್ವಾ ಸರ್?" ಅಂದರು. ಬುದ್ಧಿವಂತ ಮಾತು. ಅವರಿಗೆ ಅದಕ್ಕೇ ಫೀಸು.

ಮಧ್ಯಸ್ಥರು ಶಾಲನ್ನು ನನ್ನ ಕಡೆ ಸರಿಸಿದರು. "ನೀವು ಇಷ್ಟು ವರ್ಷದಿಂದ ಅಂಗಡೀಲಿದ್ದೀರಿ. ನಿಮಗೇನಾದ್ರೂ ಕಾಣುತ್ತಾ?"

ಕಂಡಿತ್ತು. ಅವಳು ಶಾಲು ಹರಡುತ್ತಿದ್ದಾಗಲೇ ಕಂಡಿತ್ತು, ಅಂಚಿನಿಂದ ನಾಲ್ಕು ಬೆರಳು ಒಳಗೆ.

"ಇಲ್ಲ ಸರ್," ಅಂದೆ. "ನನಗೆ ಯಾವತ್ತೂ ಕಂಡಿಲ್ಲ."

ಅವಳ ತುಟಿಯ ಕೊನೆ ಒಂದಿಷ್ಟು ಮೇಲೆ ಹೋಯಿತು. ಹತ್ತೊಂಬತ್ತು ವರ್ಷದ ಅಭ್ಯಾಸ. ಆ ಮಾತು ಕೇಳಿದರೆ ಅವಳಿಗೆ ನಗು ಬರುತ್ತಿತ್ತು, ಅಲ್ಲೂ ಬಂದುಬಿಟ್ಟಿತು. ಆಮೇಲೆ ಎಲ್ಲಿದ್ದೇವೆಂದು ನೆನಪಾಗಿ ಮುಖ ಕೆಳಗೆ ಹಾಕಿದಳು. ಶಾಲನ್ನು ಮಡಿಸಿ, ಇನ್ನೂ ಸಣ್ಣದಾಗಿ ಮಡಿಸಿ, ಚೀಲಕ್ಕೆ ಹಾಕಿಕೊಂಡಳು. ಅವಳನ್ನು ಖುಷಿಪಡಿಸಲು ಹೇಳುತ್ತಿದ್ದ ಸುಳ್ಳನ್ನೇ ತಿರುಗಿಸಿ ಅವಳ ಕುತ್ತಿಗೆಗೆ ಹಿಡಿದಿದ್ದೆ. ಈ ಕೆಲಸಕ್ಕೆ ನನಗೆ ಇನ್ನೊಂದು ಹೆಸರು ಗೊತ್ತಿಲ್ಲ, ಹೇಡಿತನ ಅಂದರೂ ಕಡಿಮೆಯೇ.

ಮೂರನೇ ಸಲ ಸೇರುವ ಹೊತ್ತಿಗೆ ಚಳಿ ಶುರುವಾಗಿತ್ತು. ವಕೀಲರಿಗೆ ಬೇರೆ ಕಡೆ ಕೆಲಸವಿತ್ತು, ಸಹಿ ಹಾಕುವುದಷ್ಟೇ ತಾನೇ ಎಂದು ನನ್ನೊಬ್ಬನನ್ನೇ ಕಳಿಸಿದರು. ಬೆಳಿಗ್ಗೆ ಹನ್ನೊಂದು ಗಂಟೆ. ಮಧ್ಯಸ್ಥರು ಬಂದರು, ಕೂತರು, ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಅವರು ಬೂದುಬಣ್ಣದ ಉಣ್ಣೆಯ ಕೋಟು ಹಾಕಿಕೊಂಡಿದ್ದರು.

ಆ ಕೋಟು ನನಗೆ ಗೊತ್ತು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಗಾಬರಿಗೊಂಡ ಹೆಂಗಸೊಬ್ಬರು ಅದನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ತಂದಿದ್ದರು. ಎಡಗಡೆ ಜೇಬಿನ ಕೆಳಗೆ ಇಸ್ತ್ರಿಪೆಟ್ಟಿಗೆಯ ಮೂತಿ ಕೂತು ಮೂರು ಬೆರಳಗಲ ಸುಟ್ಟು ಹೋಗಿತ್ತು. "ಅವರ ಅಪ್ಪ ಹೊಲಿಸಿಕೊಟ್ಟ ಕೋಟು ಇದು. ಅಪ್ಪ ಈಗಿಲ್ಲ. ಸುಟ್ಟಿದ್ದು ನಾನು ಅಂತ ನಮ್ಮ ಮನೆಯವರಿಗೆ ಯಾವತ್ತೂ ಗೊತ್ತಾಗ್ಬಾರ್ದು" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದರು. ನನ್ನ ಹೆಂಡತಿ ಕೌಂಟರಿನ ಆಚೆಗೆ ಹೋಗಿ ಅವರ ಕೈ ಹಿಡಿದು, "ನನ್ನ ಬಾಯಿಂದ ಹೊರಗೆ ಬರಲ್ಲ ಅಕ್ಕ, ನೀವು ನಿಶ್ಚಿಂತೆಯಾಗಿ ಹೋಗಿ" ಎಂದಿದ್ದಳು. ನಾಲ್ಕು ದಿನ ಕೂತು ಮಾಡಿದಳು. ಆ ಹೆಂಗಸು ಯಾರ ಹೆಂಡತಿ ಎಂದು ನಾವು ಕೇಳಿರಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ. ಈಗ ಕೋಟು ಬಂದು ನಮ್ಮೆದುರು ಕೂತಿತ್ತು. ಜೇಬಿನ ಕೆಳಗಿನ ಆ ಮೂರು ಬೆರಳಗಲ, ಉಳಿದೆಲ್ಲದಕ್ಕಿಂತ ಒಂದು ಕೂದಲೆಳೆ ಸಮವಾಗಿ.

ನಾನು ಓರೆಗಣ್ಣಿನಿಂದ ಅವಳನ್ನು ನೋಡಿದೆ. ಅವಳೂ ಕೋಟನ್ನೇ ನೋಡುತ್ತಿದ್ದಳು.

ಮಧ್ಯಸ್ಥರು ಬಿಸಿನೀರು ಕುಡಿದು ಹೇಳಿದರು, "ನೋಡಮ್ಮ, ನಿಮಗೆ ಕೆಲಸ ಬರುತ್ತೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ಎಷ್ಟು ಮಾಡಿದ್ರಿ, ಅದರಿಂದ ಅಂಗಡಿ ಎಷ್ಟು ನಡೀತು, ಇದಕ್ಕೆ ನನ್ನ ಮುಂದೆ ಏನೂ ಇಲ್ಲ. ಕಾಗದದಲ್ಲಿ ಇಲ್ಲ, ಸಾಕ್ಷಿ ಬೇಡ ಅಂತೀರಿ. ಒಂದು ಕೆಲಸ ಮಾಡೋಣ. ನನಗೆ ಗುರುತಿರೋರ ಬಟ್ಟೆ ಯಾವುದಾದ್ರೂ ಮಾಡಿದ್ರೆ ಹೇಳಿ. ಗುಟ್ಟಾಗಿ ಅವರನ್ನೇ ಕೇಳ್ತೀನಿ. ಒಂದು ಸಾಕು. ಇದು ಬರೀ ತೇಪೆ ಅಲ್ಲ, ಇದಕ್ಕೋಸ್ಕರ ಜನ ಹುಡುಕ್ಕೊಂಡು ಬರ್ತಾರೆ ಅಂತ ನನಗೆ ಅನ್ನಿಸ್ಬೇಕು, ಅಷ್ಟೆ."

ಹೀಗೆನ್ನುತ್ತ ಅವರು ಎಡಗೈಯನ್ನು ಕೋಟಿನ ಜೇಬಿಗೆ ಇಳಿಬಿಟ್ಟರು.

ಅವಳು ಬಾಯಿ ತೆರೆದಳು. ಹೇಳುತ್ತಾಳೆ ಅಂದುಕೊಂಡೆ. ಹೇಳಲಿ ಎಂದು ಒಳಗೆ ಯಾರೋ ಬೇಡಿಕೊಂಡ, ಹೇಳದಿರಲಿ ಎಂದು ಇನ್ನೊಬ್ಬ ಬೇಡಿಕೊಂಡ, ಇಬ್ಬರೂ ನಾನೇ. ಅವಳು ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು, "ಇಲ್ಲ ಸರ್. ಹಾಗೆ ಹೇಳೋಕೆ ಆಗೋ ಥರದ್ದು ಯಾವುದೂ ಇಲ್ಲ."

"ಯೋಚ್ನೆ ಮಾಡಿ ಹೇಳಿ."

"ಮಾಡ್ದೆ ಸರ್."

ಮಧ್ಯಸ್ಥರು ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದರು. "ನಿಮ್ಮದೇನಾದ್ರೂ ಹೇಳೋದಿದೆಯಾ?"

ನಾನು ಯಾರ ಕೈ ಹಿಡಿದೂ ಮಾತು ಕೊಟ್ಟಿರಲಿಲ್ಲ. ಆದರೂ ಆ ಕ್ಷಣದಲ್ಲಿ ಅವಳ ಮಾತಿನ ಹಿಂದೆ ಹೋಗಿ ಅಡಗಿ ಕೂತೆ. ಕೋಟಿನ ವಿಷಯ ಹೇಳಬಾರದಲ್ಲ, ಅಂಗಡಿಯ ಧರ್ಮವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ವರ್ಷದಲ್ಲಿ ಅಂಗಡಿಯ ಧರ್ಮ ನನಗೆ ನೆನಪಾದದ್ದು ಅದೊಂದೇ ಸಲ. "ಏನಿಲ್ಲ ಸರ್," ಅಂದೆ.

ಕಾಗದ ಮುಂದೆ ಬಂತು. ಅಂಗಡಿ ಪೂರ್ತಿ, ಹಿಂದಿನ ಕೋಣೆಯೂ ಸೇರಿ, ನನಗೆ. ಅವಳಿಗೆ ಇಂತಿಷ್ಟು ದುಡ್ಡು. ಇಂಥ ತಾರೀಕಿನೊಳಗೆ ಅವಳು ತನ್ನ ಸಾಮಾನು ತೆಗೆದುಕೊಳ್ಳಬೇಕು. ಸಾಮಾನು ಅಂದರೆ ಒಂದು ಡಬ್ಬ ಸೂಜಿ ಮತ್ತು ಒಂದು ಕತ್ತರಿ. ಅವಳು ಓದಿದಳು, ಸಹಿ ಹಾಕಿದಳು. ನಾನು ಓದಲಿಲ್ಲ, ಸಹಿ ಹಾಕಿದೆ.

ಮೆಟ್ಟಿಲಿಳಿದು ಬೀದಿಗೆ ಬಂದೆವು. ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿ, ಎಂಟು ತಿಂಗಳಲ್ಲಿ ಮೊದಲ ಸಲ ನೇರವಾಗಿ ಮಾತಾಡಿದಳು. "ಕರಿ ಪ್ಯಾಂಟು ಎರಡು ಉಳಿದಿದೆ. ಮುಗಿಸಿ ಕೊಟ್ಟು ಹೋಗ್ತೀನಿ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ. ಉಗಿಯಣ್ಣ ಹೇಳ್ತಿದ್ರು, ಬರೀ ಬನ್ನು ತಿಂತೀರಂತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನ್ನಿಂದ ತಡೆಯಲಾಗಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಅಂಗಡಿಗೆ ಹೋಗುತ್ತಿದ್ದೆ. ಇಷ್ಟು ಮೆತ್ತಗೆ ಮಾತಾಡುವವಳ ಮುಂದೆ ಒಂದಿಷ್ಟು ಒಳ್ಳೆಯವನಾಗಿಬಿಡಬೇಕು ಎಂಬ ಆಸೆ ಬಂತು.

"ನಾನೂ ನೋಡ್ದೆ ಕಣೇ," ಅಂದೆ.

"ಏನು?"

"ಅವರ ಕೋಟು. ಎಡಗಡೆ ಜೇಬಿನ ಕೆಳಗೆ."

ಅವಳು ನನ್ನ ಮುಖವನ್ನೇ ನೋಡಿದಳು. "ಕೋಟು ನಿಮಗೆ ನೆನಪಿರಬಹುದು. ಆ ಹೆಂಗಸು ಅವತ್ತು ಅಷ್ಟು ಅತ್ತಿದ್ರು."

"ನೆನಪಲ್ಲ. ಕಾಣ್ತಿತ್ತು. ನೀನು ಮಾಡಿದ್ದು ನನಗೆ ಕಾಣುತ್ತೆ."

"ಯಾವಾಗಿಂದ?"

"ಹದಿನೈದು ಹದಿನಾರು ವರ್ಷದಿಂದ. ಎಲ್ಲಾನೂ."

"ಆ ಶಾಲು?"

"ಅಂಚಿಂದ ನಾಲ್ಕು ಬೆರಳು ಒಳಗೆ."

ಪಕ್ಕದಲ್ಲಿ ಒಬ್ಬ ಸೈಕಲ್ ತಳ್ಳಿಕೊಂಡು ಹೋದ, ಅವನಿಗೆ ದಾರಿ ಬಿಟ್ಟು ಅವಳು ಗೋಡೆಗೆ ಒರಗಿದಳು. ಅವಳ ಮುಖದಲ್ಲಿ ಏನೋ ಒಂದು ಇಳಿದು ಹೋದದ್ದು ನನ್ನ ಕಣ್ಣೆದುರೇ ಆಯಿತು. ತಪ್ಪೊಪ್ಪಿಕೊಂಡು ಒಳ್ಳೆಯವನಾಗಲು ಹೊರಟಿದ್ದೆನಲ್ಲ, ಏನು ಮಾಡಿದೆ ಎಂದು ಆಗ ಅರ್ಥವಾಯಿತು.

"ನಾನು ನಂಬಿದ್ದೆ," ಅಂದಳು. "ಅವತ್ತು ಅವರು ಕೇಳ್ದಾಗ ಕಂಡಿಲ್ಲ ಅಂದ್ರಲ್ಲ, ಪಾಪ ಇವರಿಗೆ ನಿಜವಾಗ್ಲೂ ಕಾಣಲ್ಲ, ನನ್ನ ಕೆಲಸದ ಬೆಲೆ ಗೊತ್ತಿಲ್ದೆ ಹಾಗೆ ಬರೆದಿದ್ದಾರೆ, ಸುಳ್ಳು ಹೇಳೋ ಮನುಷ್ಯ ಅಲ್ಲ ಅಂತ. ಕಾಣ್ದೇ ಇರೋರ ಹತ್ರ ಏನು ಜಗಳ ಆಡೋದು ಅಂತಾನೇ ಸಹಿ ಹಾಕ್ದೆ."

"ಕೋಟಿನ ವಿಷಯ ನಾನು ಹೇಗೆ ಹೇಳೋದು? ನೀನೇ ಮಾತು ಕೊಟ್ಟಿದ್ದೆಯಲ್ಲ..."

"ಕೋಟು ಯಾಕ್ರೀ ಬೇಕಿತ್ತು?" ಅಂದಳು. ದನಿ ಏರಲಿಲ್ಲ. "ರಸೀದಿ ಬೇಡ, ಕೋಟು ಬೇಡ, ಶಾಲು ಬೇಡ. ಅವರು ಕೇಳಿದ್ದು ನೋಡಿದವರು ಯಾರಾದ್ರೂ ಇದ್ದಾರಾ ಅಂತ. ನೀವು ನನ್ನ ಪಕ್ಕದಲ್ಲೇ ಕೂತಿದ್ರಿ."

ಭೂಮಿ ಬಾಯಿಬಿಡಬಾರದೇ ಅನಿಸಿತು. ಅವಳು ಹೋದಳು. ತಿರುವಿನಲ್ಲಿ ಒಂದು ಸಲ ನಿಂತಳು, ನನ್ನ ಕಡೆ ನೋಡಲಿಕ್ಕಲ್ಲ. ಚೀಲದ ಪಟ್ಟಿ ಜಾರಿತ್ತು, ಸರಿಮಾಡಿಕೊಂಡು ಮುಂದೆ ನಡೆದಳು.

ನಾನು ಮೆಟ್ಟಿಲು ಹತ್ತಿದೆ. ಇದನ್ನು ನನ್ನ ಪರವಾಗಿ ಹೇಳಿಕೊಳ್ಳುತ್ತಿಲ್ಲ, ನಡೆದದ್ದು ಹಾಗೆ. ಹೇಳಬೇಕಾದ್ದು ಒಂದೇ ಸಾಲು: ಸರ್, ಆ ಕೆಲಸ ಎಲ್ಲ ಅವಳದೇ, ಅಂಗಡಿ ನಡೆದದ್ದು ಅದರಿಂದಲೇ, ನಾನು ಬರೆದದ್ದು ಸುಳ್ಳು. ಹತ್ತುತ್ತ ಹತ್ತುತ್ತ ಬಾಯಲ್ಲೇ ಹೇಳಿಕೊಂಡೆ. ಸಹಿಯ ಮಸಿ ಇನ್ನೂ ಒಣಗಿರಲಾರದು, ಕಾಗದ ಹರಿದು ಹಾಕಿ ಹೊಸದು ಬರೆಯಲು ಎಷ್ಟು ಹೊತ್ತು? ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಮೇಲಿನಿಂದ ಮಧ್ಯಸ್ಥರು ಬಾಗಿಲಿಗೆ ಬೀಗ ಹಾಕಿಕೊಂಡು ಇಳಿದು ಬರುತ್ತಿದ್ದರು.

"ಏನ್ರೀ, ಏನಾದ್ರೂ ಮರೆತ್ರಾ?" ಎಂದು ಕೇಳಿದರು, ತುಂಬ ವಿಶ್ವಾಸದಿಂದ.

ಆ ಒಂದು ಸಾಲು ಗಂಟಲಿನವರೆಗೆ ಬಂತು. "ಪೆನ್ನು," ಅಂದೆ. "ನನ್ನ ಪೆನ್ನು ಬಿಟ್ಟುಹೋದೆ ಅನ್ಸುತ್ತೆ ಸರ್."

"ಅಯ್ಯೋ, ಅದಕ್ಕೇನಂತೆ, ಬನ್ನಿ."

ಅವರು ಮತ್ತೆ ಮೇಲೆ ಹತ್ತಿದರು, ಒಂದೊಂದು ಮೆಟ್ಟಿಲಿಗೂ ಮಂಡಿ ಹಿಡಿದುಕೊಂಡು. ಬೀಗ ತೆಗೆದರು, ದೀಪ ಹಾಕಿದರು. ಮೇಜಿನ ಮೇಲೆ ನೋಡಿದರು, ಕಾಗದಗಳನ್ನು ಎತ್ತಿ ನೋಡಿದರು, ನಾನು ಸಹಿ ಹಾಕಿದ ಕಾಗದವನ್ನೂ ಎತ್ತಿ ಅದರ ಕೆಳಗೆ ನೋಡಿದರು. ಆಮೇಲೆ ಆ ವಯಸ್ಸಿನಲ್ಲಿ ನೆಲಕ್ಕೆ ಮಂಡಿಯೂರಿ ಮೇಜಿನ ಕೆಳಗೆ ಬಗ್ಗಿದರು. ಅವರೊಬ್ಬರೇ ಹುಡುಕುವುದು ನೋಡಲಾಗದೆ ನಾನೂ ಮಂಡಿಯೂರಿದೆ. ಇಬ್ಬರೂ ಕುರ್ಚಿಗಳನ್ನು ಸರಿಸಿ, ಧೂಳಿನಲ್ಲಿ ಕೈಯಾಡಿಸಿ, ನನ್ನ ಅಂಗಿಯ ಒಳಜೇಬಿನಲ್ಲಿದ್ದ ಪೆನ್ನನ್ನು ಹುಡುಕಿದೆವು. ನಮ್ಮ ತಲೆಗಳು ಒಂದು ಗೇಣು ದೂರದಲ್ಲಿದ್ದವು. ಹೇಳಬೇಕೆಂದರೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಎಲ್ಲೂ ಇಲ್ವಲ್ಲ," ಎಂದು ಅವರು ಕೈ ಕೊಡವಿಕೊಂಡು ಎದ್ದರು. "ಬೆಲೆಬಾಳೋದಾ?"

"ಇಲ್ಲ ಸರ್, ಸಾಧಾರಣದ್ದು. ಬಿಡಿ."

"ಇರ್ಲಿ, ಬರಿಗೈಲಿ ಯಾಕೆ ಹೋಗ್ತೀರಿ," ಎಂದು ಅವರು ಮೇಜಿನ ಖಾನೆ ಎಳೆದು ಒಂದು ಹೊಸ ಪೆನ್ನು ತೆಗೆದು, ಮುಚ್ಚಳ ತಿರುಗಿಸಿ ಬರೆಯುತ್ತದೋ ಇಲ್ಲವೋ ಎಂದು ಅಂಗೈ ಮೇಲೆ ಗೀಚಿ ನೋಡಿ, ನನ್ನ ಕಡೆ ಚಾಚಿದರು.

ನಾನು ತೆಗೆದುಕೊಂಡೆ. ಥ್ಯಾಂಕ್ಸ್ ಸರ್ ಎಂದೂ ಹೇಳಿದೆ.